ನಗುವಿನ ಹೊತ್ತಿಗೆ ಹೆಣ ಉಸಿರಾಡಬಾರದು: ಮುಂಬಯಿಯ ಸಣ್ಣ ತಂಡಕ್ಕೆ ಕರಾಳ ಹಾಸ್ಯ ನಾಟಕದ ಮಾರ್ಗದರ್ಶಿ

ಸಾವಿನ ಮನೆಯಲ್ಲಿ ನಗು ಬರುವುದು ನಮಗೆ ಹೊಸದಲ್ಲ. ಹೆಣ ಎತ್ತುವ ಮೊದಲೇ ಬೀರುವಿನ ಬೀಗದ ಕೈ ಹುಡುಕುವವರನ್ನು, ವೈಕುಂಠ ಸಮಾರಾಧನೆಯಲ್ಲಿ ಪಾಯಸ ಎರಡನೇ ಸಲ ಬಡಿಸಿಕೊಂಡು ಆಮೇಲೆ ಕಣ್ಣೊರೆಸಿಕೊಳ್ಳುವವರನ್ನು ಎಲ್ಲರೂ ಕಂಡಿದ್ದೇವೆ. ಇದೇ ನಗುವನ್ನು ರಂಗದ ಮೇಲೆ ತರಲು ಹೊರಟಾಗ ಹವ್ಯಾಸಿ ತಂಡಗಳು ಮುಗ್ಗರಿಸುವುದು ಹೆಚ್ಚಾಗಿ ಒಂದೇ ಕಡೆ: ನಟರು ನಗಿಸಲು ಹೊರಡುತ್ತಾರೆ. ಸಾವು ನಿಜವೆಂದು ಪ್ರೇಕ್ಷಕ ನಂಬಿದ ಮೇಲೆ ನಗು ತಾನಾಗಿ ಬರುತ್ತದೆ. ಆ ನಂಬಿಕೆ ಹುಟ್ಟಬೇಕಾದರೆ ಮಾತಿನ ಕೊನೆಯ ಅಕ್ಷರದಿಂದ ಹಿಡಿದು ಬಾಗಿಲಿನ ತಿರುಗಣೆಯವರೆಗೆ ಲೆಕ್ಕ ಸರಿಯಿರಬೇಕು.

ವಿವರಿಸಲು ಅನುಕೂಲವಾಗಲೆಂದು ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ದಾದರಿನ ಹಳೇ ಚಾಳಿನಲ್ಲಿ, ಅಂದರೆ ಒಂದೊಂದು ಕೋಣೆಯ ಮನೆಗಳ ವಠಾರದಲ್ಲಿ, 10 ಅಡಿಗೆ 12 ಅಡಿಯ ಒಂದು ಖೋಲಿ (ಕೋಣೆ). ಬುಧವಾರ ರಾತ್ರಿ ಅಜ್ಜ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಳ್ಳುತ್ತಾನೆ. ಗುರುವಾರ ಬೆಳಿಗ್ಗೆ ಬಿಲ್ಡರನ ಕಡೆಯವನು ಪುನರಭಿವೃದ್ಧಿಯ, ಅಂದರೆ ಚಾಳು ಕೆಡವಿ ಹೊಸದು ಕಟ್ಟುವ ಕಾಗದಕ್ಕೆ ಅಜ್ಜನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬರುವವನಿದ್ದಾನೆ. ಅಲ್ಲಿಯವರೆಗೆ ಮನೆಯವರು ಸಾವನ್ನು ಮುಚ್ಚಿಡಬೇಕು. ಮಗ, ಸೊಸೆ, ಮೊಮ್ಮಗಳು, ಪಕ್ಕದ ಖೋಲಿಯ ಬಾಯಿ (ಮರಾಠಿಯಲ್ಲಿ ಹೆಂಗಸು), ಬಿಲ್ಡರನ ಮನುಷ್ಯ, ಅಜ್ಜ: ಆರು ಪಾತ್ರ, ಒಂದೇ ರಂಗಸಜ್ಜಿಕೆ. ಸಣ್ಣ ತಂಡಕ್ಕೆ ಇದು ಸರಿಯಾದ ಅಳತೆ. ಏಳು ಪಾತ್ರ ದಾಟಿದರೆ ಮುಂಬಯಿಯಲ್ಲಿ ಎಲ್ಲರೂ ಒಂದೇ ಸಂಜೆ ಒಂದೇ ಕೋಣೆಯಲ್ಲಿ ಸೇರುವುದೇ ಕಷ್ಟ.

1. ದಿನಾಂಕ ಹಿಡಿಯಿರಿ, ಅಲ್ಲಿಂದ 12 ವಾರ ಹಿಂದಕ್ಕೆ ಎಣಿಸಿ

ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಜುಲೈ, ಆಗಸ್ಟಿನಲ್ಲಿ ಮಳೆಗೆ ರೈಲು ನಿಂತರೆ ಪ್ರೇಕ್ಷಕರೂ ಇಲ್ಲ, ನಟರೂ ಇಲ್ಲ. ಮಾರ್ಚಿಗೆ ಪರೀಕ್ಷೆ, ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಅರ್ಧ ಜನ ಊರಿನಲ್ಲಿ. ಗಣಪತಿ ಹಬ್ಬದಿಂದ ದೀಪಾವಳಿಯವರೆಗಿನ ದಿನಗಳನ್ನು ತಾಲೀಮಿಗೆ ಇಟ್ಟುಕೊಳ್ಳಬಹುದು. ಹಬ್ಬದ ಹತ್ತು ದಿನ ಮಾತ್ರ ಬಿಟ್ಟುಬಿಡಿ, ಯಾರೂ ಸಿಗುವುದಿಲ್ಲ.

ಸಭಾಗೃಹ ಆರಿಸುವಾಗ ನಾಟಕದ ದನಿ ಎಷ್ಟು ದೊಡ್ಡದು ಎಂದು ಕೇಳಿಕೊಳ್ಳಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೂ ಮಾಹಿಮಿನ ಕರ್ನಾಟಕ ಸಂಘದ ಡಾ. ವಿಶ್ವೇಶ್ವರಯ್ಯ ಸಭಾಗೃಹಕ್ಕೂ ಕನ್ನಡ ಪ್ರೇಕ್ಷಕರಿಗೆ ದಾರಿ ಹೇಳಬೇಕಾಗಿಲ್ಲ, ಅಭ್ಯಾಸ ಬಲದಿಂದಲೇ ಬರುತ್ತಾರೆ. 1978ರಲ್ಲಿ ಜುಹೂವಿನಲ್ಲಿ ಶುರುವಾದ ಪೃಥ್ವಿ ಥಿಯೇಟರಿನಂಥ ಸುಮಾರು 200 ಆಸನಗಳ ಜಾಗದಲ್ಲಿ ಪಿಸುಮಾತೂ ಕೇಳುತ್ತದೆ. ಆದರೆ ಅಲ್ಲಿ ಪ್ರೇಕ್ಷಕರು ಮೂರು ಕಡೆ ಕೂರುತ್ತಾರೆ. ಎದುರಿನಿಂದ ಮರೆಯಾಗುವ ಹೆಣ ಪಕ್ಕದಿಂದ ಪೂರ್ತಿ ಕಾಣುತ್ತದೆ. ಸಾವಿರ ಆಸನಗಳ ಸಭಾಗೃಹ ಅಗ್ಗಕ್ಕೆ ಸಿಕ್ಕಿದರೂ ಬೇಡ. ನಗು ಒಬ್ಬರಿಂದೊಬ್ಬರಿಗೆ ಹಬ್ಬುವಂಥದ್ದು. 150 ಜನ 200 ಕುರ್ಚಿಗಳಲ್ಲಿ ಒತ್ತೊತ್ತಾಗಿ ಕೂತರೆ ನಗುತ್ತಾರೆ, ಅದೇ ಜನ 800 ಕುರ್ಚಿಗಳಲ್ಲಿ ಚದುರಿ ಕೂತರೆ ಪ್ರತಿಯೊಬ್ಬರೂ ‘ಇಲ್ಲಿ ನಗಬಹುದೇ’ ಎಂದು ಅಕ್ಕಪಕ್ಕ ನೋಡುತ್ತಾರೆ. ಸಾವಿನ ವಿಷಯದಲ್ಲಂತೂ ಈ ಅಳುಕು ಎರಡು ಪಟ್ಟು.

2. ಹಕ್ಕು ಮತ್ತು ಪ್ರಮಾಣಪತ್ರ

ಇದನ್ನು ಕೊನೆಗೆ ತಳ್ಳಿದವರ ಪ್ರದರ್ಶನಗಳು ನಿಂತುಹೋಗುತ್ತವೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳು ಈಗ ಮುಕ್ತ. 1984ರಲ್ಲಿ ತೀರಿಕೊಂಡ ಶ್ರೀರಂಗರ ನಾಟಕಗಳಿಗೆ 2044ರ ಕೊನೆಯವರೆಗೆ ಅನುಮತಿ ಬೇಕು. ಅನುವಾದವಾದರೆ ಎರಡು ಹಕ್ಕು: ಮೂಲದ್ದೊಂದು, ಅನುವಾದಕರದ್ದೊಂದು. ಮೂಲ ಲೇಖಕ ಸತ್ತು ನೂರು ವರ್ಷವಾಗಿದ್ದರೂ ಕನ್ನಡಕ್ಕೆ ತಂದವರು ನಮ್ಮ ನಡುವೆ ಇರಬಹುದು. ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರಿಗೆ ಮಾಡುವ ಪ್ರಯೋಗಕ್ಕೆ ಕಾಯಿದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟ ಕೂಡಲೇ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅನುಮತಿ ಪತ್ರದಲ್ಲಿ ಎಷ್ಟು ಪ್ರಯೋಗ, ಪ್ರತಿ ಪ್ರಯೋಗಕ್ಕೆ ಎಷ್ಟು ಗೌರವಧನ, ಮಾತು ಕತ್ತರಿಸಬಹುದೇ, ಭಾಷೆಯನ್ನು ಮುಂಬಯಿಗೆ ಒಗ್ಗಿಸಬಹುದೇ, ಈ ನಾಲ್ಕೂ ಬರವಣಿಗೆಯಲ್ಲಿರಲಿ. ಕೊನೆಯೆರಡನ್ನು ಜನ ಕೇಳುವುದೇ ಇಲ್ಲ, ಜಗಳ ಏಳುವುದು ಅಲ್ಲೇ.

ಮಹಾರಾಷ್ಟ್ರದಲ್ಲಿ ನಾಟಕದ ಪಠ್ಯಕ್ಕೆ, ಅದನ್ನು ಪರಿಶೀಲಿಸುವ ಸರ್ಕಾರಿ ಮಂಡಳಿಯಾದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳದ ಪ್ರಮಾಣಪತ್ರವೂ ಬೇಕು. ಪ್ರಮಾಣಪತ್ರ ಬರುವುದು ನೀವು ಸಲ್ಲಿಸಿದ ಪಠ್ಯಕ್ಕೆ. ಆಮೇಲೆ ತಾಲೀಮಿನಲ್ಲಿ ಹುಟ್ಟಿದ ಮಾತು ಅದರಲ್ಲಿ ಇರುವುದಿಲ್ಲ. ಹಾಗಾಗಿ ಮೊದಲ ಮೂರು ವಾರ ಬರೀ ಕೂತು ಓದಿ, ಕತ್ತರಿಸಿ, ಸೇರಿಸಿ ಪಠ್ಯವನ್ನು ಗಟ್ಟಿಮಾಡಿ. ಅದನ್ನು ಸಲ್ಲಿಸಿದ ಮೇಲೆಯೇ ಎದ್ದು ನಿಲ್ಲುವ ತಾಲೀಮು ಶುರು ಮಾಡಿ. ಸಾವು, ಜಾತಿ, ಅಂತ್ಯಕ್ರಿಯೆಯ ಮಂತ್ರ ಬರುವ ನಾಟಕವಾದರೆ ತುಸು ಹೆಚ್ಚು ಸಮಯ ಇಟ್ಟುಕೊಳ್ಳುವುದು ಕ್ಷೇಮ.

3. ಮಾತನ್ನು ತಿದ್ದುವುದು: ನಗುವಿನ ಪದ ಕೊನೆಗೆ

ಕೂತು ಓದುವ ಮೂರು ವಾರಗಳಲ್ಲಿ ಆಗಬೇಕಾದ ಅತಿ ಮುಖ್ಯ ಕೆಲಸ ಇದು. ಮರಾಠಿಯಿಂದಲೋ ಇಂಗ್ಲಿಷಿನಿಂದಲೋ ಬಂದ ನಾಟಕದಲ್ಲಿ ಮೂಲದ ನಗುವಿನ ಪದ ಕನ್ನಡಕ್ಕೆ ಬರುವಷ್ಟರಲ್ಲಿ ವಾಕ್ಯದ ನಡುವೆ ಸಿಕ್ಕಿಕೊಂಡಿರುತ್ತದೆ, ಏಕೆಂದರೆ ನಮ್ಮಲ್ಲಿ ಕ್ರಿಯಾಪದ ಕೊನೆಗೆ. ‘ಅಜ್ಜ ಗುರುವಾರ ಸಹಿ ಹಾಕಿದ, ಆದರೆ ಬುಧವಾರವೇ ಸತ್ತಿದ್ದ’ ಎಂದರೆ ಪ್ರೇಕ್ಷಕನಿಗೆ ಅರ್ಥವಾಗುತ್ತದೆ, ನಗು ಬರುವುದಿಲ್ಲ. ‘ಬುಧವಾರ’ ಎನ್ನುವಾಗಲೇ ಗುಟ್ಟು ಬಿಟ್ಟುಕೊಟ್ಟಾಯಿತು, ಕಿವಿಗೆ ಇನ್ನೂ ಒಂದು ಪದ ಬಾಕಿ. ಇದನ್ನೇ ಹೀಗೆ ಹೇಳಿ ನೋಡಿ: ‘ಅಜ್ಜ ಸತ್ತದ್ದು ಬುಧವಾರ. ಸಹಿ ಹಾಕಿದ್ದು ಗುರುವಾರ.’ ಸತ್ತದ್ದು, ಹಾಕಿದ್ದು ಎಂಬ ರೂಪ ಬಳಸಿದರೆ ಯಾವ ಪದವನ್ನು ಬೇಕಾದರೂ ವಾಕ್ಯದ ತುದಿಗೆ ತಂದು ನಿಲ್ಲಿಸಬಹುದು. ಪಠ್ಯದ ಪ್ರತಿ ಪುಟದಲ್ಲಿ ನಗು ನಿರೀಕ್ಷಿಸುವ ಸಾಲಿಗೆ ಗೆರೆ ಎಳೆದು, ಕೊನೆಯ ಪದ ಯಾವುದೆಂದು ನೋಡಿ.

ಇನ್ನೊಂದು ತೊಂದರೆ ಉಚ್ಚಾರದ್ದು. ಕನ್ನಡದ ಪದ ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ, ನಟರು ವಾಕ್ಯದ ಕೊನೆಯಲ್ಲಿ ದನಿ ಇಳಿಸಿ ಆ ಕೊನೆಯ ಅಕ್ಷರವನ್ನೇ ನುಂಗುತ್ತಾರೆ. ಹದಿನೈದನೇ ಸಾಲಿನಲ್ಲಿ ಕೂತವರಿಗೆ ‘ಗುರುವಾ’ ಎಂದಷ್ಟೇ ಕೇಳುತ್ತದೆ. ಒಬ್ಬರು ಕೋಣೆಯ ಇನ್ನೊಂದು ತುದಿಯಲ್ಲಿ ಬೆನ್ನು ಹಾಕಿ ಕೂತು, ಕೊನೆಯ ಪದ ಕೇಳದಿದ್ದಾಗಲೆಲ್ಲ ಕೈ ಎತ್ತಲಿ. ಎರಡು ವಾರ ಹೀಗೆ ಮಾಡಿದರೆ ಈ ಅಭ್ಯಾಸ ಹೋಗುತ್ತದೆ.

ನಿಮ್ಮ ಪ್ರೇಕ್ಷಕರಲ್ಲಿ ಉಡುಪಿ, ಕುಂದಾಪುರದವರು, ಧಾರವಾಡ, ವಿಜಯಪುರದವರು, ಮೈಸೂರಿನವರು, ಇಲ್ಲೇ ಹುಟ್ಟಿ ಬೆಳೆದವರು ಒಟ್ಟಿಗೆ ಕೂತಿರುತ್ತಾರೆ. ಮನೆಯವರಿಗೆಲ್ಲ ಒಂದೇ ಊರಿನ ಮಾತು ಕೊಡಿ, ಮೊಮ್ಮಗಳಿಗೆ ಮಾತ್ರ ಹಿಂದಿ, ಮರಾಠಿ ಬೆರೆತ ಮುಂಬಯಿ ಕನ್ನಡ. ಒಂದು ಊರಿನ ಮಾತನ್ನು ದಡ್ಡ ಪಾತ್ರಕ್ಕೆ ಹಚ್ಚಿ ಅಗ್ಗದ ನಗು ತೆಗೆಯಬೇಡಿ. ಆ ಊರಿನವರು ಆ ಕ್ಷಣದಿಂದ ಅಜ್ಜನ ಸಾವನ್ನೂ ನಂಬುವುದಿಲ್ಲ.

4. ತಾಲೀಮಿನ ಲೆಕ್ಕ

ಪಠ್ಯ ಗಟ್ಟಿಯಾದ ಮೇಲೆ ಎಂಟು ವಾರ. ವಾರದಲ್ಲಿ ಮೂರು ಸಂಜೆ ಎರಡೆರಡು ಗಂಟೆ, ಭಾನುವಾರ ಐದು ಗಂಟೆ: ವಾರಕ್ಕೆ 11, ಒಟ್ಟು 88 ಗಂಟೆ. 90 ನಿಮಿಷದ ನಾಟಕಕ್ಕೆ ಇದಕ್ಕಿಂತ ಕಡಿಮೆಯಾದರೆ ಮಾತು ಬಾಯಿಗೆ ಬರುತ್ತದೆ, ಮೌನ ಬರುವುದಿಲ್ಲ. ಹನ್ನೆರಡನೇ ವಾರ ಪ್ರೇಕ್ಷಕರ ಮುಂದಿನ ಕೊನೆಯ ತಾಲೀಮಿಗೂ ಪ್ರದರ್ಶನಕ್ಕೂ ಇರಲಿ.

ಜಾಗ ದಾದರ್, ಮಾಟುಂಗಾ ಸುತ್ತ ಇದ್ದರೆ ಪಶ್ಚಿಮ ಮತ್ತು ಮಧ್ಯ ರೈಲ್ವೆ ಎರಡರವರಿಗೂ ಸಮ. ಡೊಂಬಿವಲಿಯವರು, ಮೀರಾ ರೋಡಿನವರು ಎಂಟಕ್ಕೆ ಬಂದು ಹತ್ತಕ್ಕೆ ಹೊರಡಬೇಕು. ಅವರ ದೃಶ್ಯಗಳನ್ನು ಮೊದಲು ಮುಗಿಸಿ. ಭಾನುವಾರದ ತಾಲೀಮಿಗೆ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಕೆಲವು ಗಂಟೆ ರೈಲು ನಿಲ್ಲಿಸುವುದು, ದೊಡ್ಡ ಶತ್ರು. ಶನಿವಾರವೇ ರೈಲ್ವೆಯ ಪ್ರಕಟಣೆ ನೋಡಿ, ನಿಮ್ಮ ಮಾರ್ಗದಲ್ಲಿ ಬ್ಲಾಕ್ ಇದ್ದರೆ ತಾಲೀಮನ್ನು ಬೆಳಿಗ್ಗೆ ಎಂಟಕ್ಕೆ ಎಳೆದುಕೊಳ್ಳಿ.

ಮೊದಲ ದಿನವೇ ನೆಲದ ಮೇಲೆ ಟೇಪಿನಿಂದ ಖೋಲಿಯ ನಕ್ಷೆ ಹಾಕಿ. ನಿಜವಾದ ಖೋಲಿ 10 ಅಡಿ ಇದ್ದರೂ ರಂಗದ ಮೇಲೆ 16 ಅಡಿ ಅಗಲ ಬೇಕು, ಇಲ್ಲದಿದ್ದರೆ ಐದು ಜನ ನಿಂತಾಗ ಕುರ್ಚಿಯಲ್ಲಿನ ಅಜ್ಜ ಕಾಣುವುದಿಲ್ಲ. ಬಾಗಿಲು, ಕಿಟಕಿ, ಅಜ್ಜನ ಕುರ್ಚಿ ಮೊದಲ ದಿನದಿಂದ ಕೊನೆಯವರೆಗೆ ಇಂಚು ಕದಲಬಾರದು.

5. ಒಂದು ದೃಶ್ಯ, ಹತ್ತಿರದಿಂದ

ಬಿಲ್ಡರನ ಮನುಷ್ಯ ಬಂದು ಕೂತಿದ್ದಾನೆ. ಸೊಸೆ ಚಹಾ ತರುತ್ತಾಳೆ. ಟ್ರೇಯಲ್ಲಿ ಐದು ಕಪ್. ಅತಿಥಿಗೊಂದು, ಗಂಡನಿಗೊಂದು, ಪಕ್ಕದ ಬಾಯಿಗೊಂದು, ಮಗಳಿಗೊಂದು. ಇಪ್ಪತ್ತು ವರ್ಷದ ಅಭ್ಯಾಸದಿಂದ ಐದನೆಯದನ್ನು ಅಜ್ಜನ ಕೈಯ ಪಕ್ಕ ಸ್ಟೂಲಿನ ಮೇಲೆ ಇಡುತ್ತಾಳೆ. ಸೆರಗು ಸರಿಪಡಿಸಿಕೊಂಡು ಎರಡು ಹೆಜ್ಜೆ ನಡೆದ ಮೇಲೆ ಅವಳಿಗೆ ಹೊಳೆಯುತ್ತದೆ. ನಿಲ್ಲುತ್ತಾಳೆ. ತಿರುಗುವುದಿಲ್ಲ. ಮೌನ. ಪಕ್ಕದ ಬಾಯಿ ಕಪ್ಪಿನತ್ತ ನೋಡಿ ಕಳಕಳಿಯಿಂದ ಕೇಳುತ್ತಾಳೆ: ‘ಅಜ್ಜನ ಚಹಾಕ್ಕೆ ಹಾಕಿಲ್ಲ ತಾನೇ, ಸಕ್ಕರೆ?’

ಇದು ಕೆಡುವ ದಾರಿ ಮೂರು. ಸೊಸೆ ಕಪ್ ಇಡುವಾಗಲೇ ಕಣ್ಣು ಅಗಲಿಸಿ ಪ್ರೇಕ್ಷಕರತ್ತ ನೋಡಿದರೆ ಅಭ್ಯಾಸ ಸುಳ್ಳಾಗುತ್ತದೆ. ಕಪ್ ಇಡುವ ಕೈಗೆ ಏನೂ ಗೊತ್ತಿರಬಾರದು, ಗೊತ್ತಾಗುವುದು ಮೂರನೇ ಹೆಜ್ಜೆಗೆ. ಎರಡನೆಯದು, ಮೌನದ ಅಳತೆ. ಅದು ಎರಡು ಎಣಿಕೆಯಷ್ಟು, ಮೂರಾದರೆ ಪ್ರೇಕ್ಷಕ ಮುಂದಿನ ಸಾಲನ್ನು ತಾನೇ ಊಹಿಸಿಬಿಡುತ್ತಾನೆ. ಮೂರನೆಯದು, ಬಾಯಿಯ ಪಾತ್ರಧಾರಿ ಆ ಸಾಲನ್ನು ಜೋಕಿನಂತೆ ಹೇಳುವುದು. ಅವಳಿಗೆ ಅಜ್ಜನ ಸಕ್ಕರೆ ಕಾಯಿಲೆಯ ಬಗ್ಗೆ ನಿಜವಾದ ಕಾಳಜಿ ಇದೆ. ತಾನು ಹಾಸ್ಯ ನಾಟಕದಲ್ಲಿದ್ದೇನೆಂದು ಅವಳಿಗೆ ಗೊತ್ತಿಲ್ಲ. ತಾಲೀಮಿನಲ್ಲಿ ಇಡೀ ನಾಟಕವನ್ನು ಒಮ್ಮೆ ಹಾಸ್ಯವೇ ಇಲ್ಲದ ದುರಂತದಂತೆ ಆಡಿಸಿ. ಆಗಲೂ ಯಾವ ಸಾಲಿಗೆ ನಗು ಬಂತೋ ಆ ಸಾಲು ಗಟ್ಟಿ.

ನಗು ಬಂದಾಗ ನಟರು ಏನು ಮಾಡಬೇಕೆಂಬುದನ್ನೂ ಕಲಿಸಬೇಕಾಗುತ್ತದೆ. ನಗು ಏರಿ, ಇಳಿಯತೊಡಗಿ, ಇನ್ನೂ ಪೂರ್ತಿ ಆರದಿರುವಾಗ ಮುಂದಿನ ಮಾತು ಶುರುವಾಗಬೇಕು. ಪೂರ್ತಿ ಆರಲು ಬಿಟ್ಟರೆ ಪ್ರತಿ ಸಲ ಸೊನ್ನೆಯಿಂದ ಎತ್ತಬೇಕಾಗುತ್ತದೆ. ನಗುವಿನ ಮೇಲೆ ಮಾತಾಡಿದರೆ ಮುಂದಿನ ಸಾಲು ಹೋಯಿತು, ಜನ ಕೇಳಿಸಿಕೊಳ್ಳಲೆಂದು ನಗುವುದನ್ನೇ ನಿಲ್ಲಿಸುತ್ತಾರೆ. ನಗು ಬರದಿದ್ದರೆ ಕಾಯಬೇಡಿ. ಇನ್ನೊಬ್ಬರು ನಗುವಿನ ಪದ ಹೇಳುವಾಗ ರಂಗದ ಮೇಲೆ ಯಾರೂ ಅಲ್ಲಾಡಬಾರದು. ಒಂದು ಕೈ ಎದ್ದರೆ ಸಾಕು, ಕಣ್ಣು ಅತ್ತ ಹೋಗುತ್ತದೆ, ಕಿವಿಯೂ ಅದರ ಹಿಂದೆಯೇ.

6. ಹೆಣ

ಅಜ್ಜನ ಪಾತ್ರ ಎಲ್ಲಕ್ಕಿಂತ ಕಷ್ಟದ್ದು, ತಂಡದ ಒಳ್ಳೆಯ ನಟನಿಗೆ ಕೊಡಿ. ಪ್ರೇಕ್ಷಕರು ಹೆಣದ ಹೊಟ್ಟೆಯನ್ನೇ ನೋಡುತ್ತಿರುತ್ತಾರೆ. ಎದೆಯ ಮೇಲಿಂದ ಮೊಣಕಾಲಿನವರೆಗೆ ದಪ್ಪ ಶಾಲು ಸಡಿಲವಾಗಿ ಹೊದಿಸಿ, ಒಳಗೆ ಹೊಟ್ಟೆಯ ಮೇಲೆ ಒಂದು ತೆಳು ದಿಂಬು ಇಡಿ. ಉಸಿರಿನ ಏರಿಳಿತವನ್ನು ಅದು ನುಂಗುತ್ತದೆ. ಮುಖ ಹಿಂಗೋಡೆಯತ್ತ ತುಸು ತಿರುಗಿರಲಿ. ಕಣ್ಣು ಮುಚ್ಚಿ ನೇರ ಬೆಳಕಿನಲ್ಲಿ ಕೂತರೆ ರೆಪ್ಪೆ ಅದುರುತ್ತದೆ, ಅದಕ್ಕೆ ಕನ್ನಡಕವೋ ಮಂಕಿ ಕ್ಯಾಪಿನ ಅಂಚಿನ ನೆರಳೋ ಪರಿಹಾರ. ಒಂದೇ ಭಂಗಿಯಲ್ಲಿ 12 ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಯಾರಾದರೂ ಶಾಲು ಸರಿಪಡಿಸುವ, ಕುರ್ಚಿ ತಿರುಗಿಸುವ ನೆಪದಲ್ಲಿ ಅವನ ಕೈಕಾಲು ಬದಲಿಸಲಿ, ಮರೆಯಲ್ಲಿ ಉಗುಳು ನುಂಗಿಕೊಳ್ಳಲು ಅವಕಾಶವಾಗುತ್ತದೆ. ಮೂಗಿಗೆ ಹತ್ತಿ ಇಡುವ ದೃಶ್ಯವಿದ್ದರೆ ಹೊಳ್ಳೆಯ ಅಂಚಿಗಷ್ಟೇ ತಾಗಿಸಿ, ಒಳಗೆ ತುರುಕುವುದು ಅಪಾಯ.

ನಿಜವಾದ ದೇಹ ಸತ್ತ ಕೆಲವು ಗಂಟೆಗಳಲ್ಲಿ ಬಿಗಿಯತೊಡಗಿ ಸುಮಾರು 12 ಗಂಟೆಗೆ ಪೂರ್ತಿ ಸೆಟೆಯುತ್ತದೆ. ರಾತ್ರಿ ಹತ್ತಕ್ಕೆ ಕುರ್ಚಿಯಲ್ಲಿ ಸತ್ತ ಅಜ್ಜ ಬೆಳಿಗ್ಗೆ ಹತ್ತಕ್ಕೆ ಕೂತ ಭಂಗಿಯಲ್ಲೇ ಗಟ್ಟಿಯಾಗಿರುತ್ತಾನೆ. ಮಡಿಸಿದ ಬೆರಳಿನಿಂದ ಹೆಬ್ಬೆಟ್ಟು ಬಿಡಿಸಲು ಮಗ ಪಡುವ ಪಾಡು, ಆಮೇಲೆ ಚಟ್ಟದ ಮೇಲೆ ಮಲಗದ ಅಜ್ಜ: ನಾಟಕದ ಅತಿ ನೋವಿನ, ಅತಿ ನಗುವಿನ ಭಾಗ ಈ ಒಂದು ಸತ್ಯದಿಂದಲೇ ಹುಟ್ಟುತ್ತದೆ. ಅದನ್ನು ಮರೆತು ಅಜ್ಜನ ಕತ್ತನ್ನು ಬಟ್ಟೆಯ ಗೊಂಬೆಯಂತೆ ಅತ್ತಿತ್ತ ವಾಲಿಸಿದರೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಪ್ರೇಕ್ಷಕರೆಲ್ಲ ಹೊರಗಾಗುತ್ತಾರೆ.

ಎತ್ತುವ ದೃಶ್ಯಕ್ಕೆ ಬೊಂಬೆ ಮಾಡುವುದಾದರೆ ಹಳೇ ಪೈಜಾಮ, ಜುಬ್ಬಕ್ಕೆ ಬಟ್ಟೆಚೂರು ತುಂಬಿ, ಸೊಂಟ ಮತ್ತು ಭುಜದಲ್ಲಿ ಒಟ್ಟು 15 ಕಿಲೋ ಮರಳಿನ ಚೀಲ ಹೊಲಿಯಿರಿ. ಹಗುರ ಬೊಂಬೆಯನ್ನು ಎತ್ತುವವರ ಬೆನ್ನು ಬಾಗುವುದಿಲ್ಲ, ಸುಳ್ಳು ಅಲ್ಲೇ ಬಯಲಾಗುತ್ತದೆ. ನಟನನ್ನೇ ಎತ್ತುವುದಾದರೆ ನಾಲ್ಕು ಜನ ಬೇಕು, ಭುಜಕ್ಕಿಬ್ಬರು, ತೊಡೆಗಿಬ್ಬರು. ‘ನಿಧಾನ, ಹಾಂ’ ಎಂಬ ಮಾತೇ ಎತ್ತುವ ಸೂಚನೆಯಾಗಲಿ.

7. ಸಾಮಾನು, ಬೆಳಕು, ಸದ್ದು

ಹೆಬ್ಬೆಟ್ಟಿನ ಕಾಗದ ಪ್ರತಿ ಪ್ರಯೋಗಕ್ಕೆ ಮೂರು ಪ್ರತಿ: ಒಂದಕ್ಕೆ ಮಸಿ ತಾಗುತ್ತದೆ, ಒಂದು ಹರಿಯುತ್ತದೆ, ಒಂದು ಕಳೆದುಹೋಗುತ್ತದೆ. ಸ್ಟ್ಯಾಂಪ್ ಪ್ಯಾಡಿನ ನೇರಳೆ ಮಸಿ ಶಾಲಿಗೆ ತಾಗಿದರೆ ಹೋಗುವುದಿಲ್ಲ. ಒಣ ಪ್ಯಾಡಿಗೆ ನೀರಿನಲ್ಲಿ ಕಲಸಿದ ಅಡುಗೆ ಬಣ್ಣ ಹಾಕಿ, ತಾಲೀಮಿನಲ್ಲೂ ಅದನ್ನೇ ಬಳಸಿ. ತಲೆಯ ಬಳಿಯ ದೀಪಕ್ಕೆ ಬ್ಯಾಟರಿ ಬತ್ತಿ ಸಾಕು, ತೆರೆದ ಬೆಂಕಿಗೆ ಸಭಾಗೃಹದವರು ಒಪ್ಪುವುದು ಅಪರೂಪ. ಬೀಡಿ, ಸಿಗರೇಟು ಹಚ್ಚದೆ ಕೈಯಲ್ಲಿ ಆಡಿಸಿದರೆ ಸಾಕು; ಸಭಾಗೃಹದೊಳಗೆ ಧೂಮಪಾನಕ್ಕೆ ಕಾನೂನಿನ ನಿಷೇಧವಿದೆ.

ಗೋಡೆಯ ಫ್ಲಾಟುಗಳನ್ನು (ಗೋಡೆಯಂತೆ ಕಾಣುವ ರಂಗದ ಹಲಗೆಗಳನ್ನು) 7 ಅಡಿಗೆ 4 ಅಡಿ ಮಾಡಿದರೆ ಛೋಟಾ ಹಾಥಿ ಎಂಬ ಸಣ್ಣ ಟೆಂಪೋದಲ್ಲಿ ಮಲಗಿಸಿ ಒಯ್ಯಬಹುದು. 8 ಅಡಿ ಮಾಡಿದರೆ ಹೊರಗೆ ಚಾಚುತ್ತದೆ, ದೊಡ್ಡ ಗಾಡಿ ಬೇಕು, ಬಾಡಿಗೆ ಏರುತ್ತದೆ. ಬಾಗಿಲಿನ ಚೌಕಟ್ಟಿಗೆ ಹಿಂದಿನಿಂದ ಎರಡು ಓರೆ ಆಸರೆ, ಪ್ರತಿಯೊಂದರ ಬುಡಕ್ಕೆ 10 ಕಿಲೋ ಮರಳು ಚೀಲ. ಇಲ್ಲದಿದ್ದರೆ ಬಾಗಿಲು ಬಡಿದಾಗ ಇಡೀ ಗೋಡೆ ಅಲುಗಾಡಿ, ಬರಬಾರದ ನಗು ಬರುತ್ತದೆ.

ಕರಾಳ ಎಂಬ ಪದ ಕೇಳಿ ರಂಗವನ್ನು ನೀಲಿ ಕತ್ತಲಲ್ಲಿ ಮುಳುಗಿಸುವ ತಪ್ಪು ಬಹಳ ಕಾಣುತ್ತದೆ. ಮುಖ ಕಾಣದೆ ಯಾರೂ ನಗುವುದಿಲ್ಲ. ಖೋಲಿಯ ಟ್ಯೂಬ್‌ಲೈಟಿನಂಥ ಹರಡಿದ ಬಿಳಿ ಬೆಳಕು, ಪ್ರತಿ ಜಾಗಕ್ಕೆ ಎರಡು ಕಡೆಯಿಂದ 45 ಡಿಗ್ರಿಯಲ್ಲಿ ಒಂದೊಂದು ದೀಪ: 12 ರಿಂದ 16 ದೀಪದಲ್ಲಿ ಕೆಲಸ ಮುಗಿಯುತ್ತದೆ. ದೃಶ್ಯಗಳ ನಡುವಿನ ಕತ್ತಲು ಮೂರು ಸೆಕೆಂಡು ದಾಟಬಾರದು. ಫೋನ್ ರಿಂಗು, ಕುಕ್ಕರಿನ ಸೀಟಿ ಸಭಾಗೃಹದ ದೊಡ್ಡ ಸ್ಪೀಕರಿನಿಂದ ಬರುವುದು ಬೇಡ. ಸೆಟ್ಟಿನ ಹಿಂದೆ ಇಟ್ಟ ಸಣ್ಣ ಸ್ಪೀಕರಿನಿಂದ ಬಂದರೆ ಮನೆಯದೇ ಸದ್ದು ಅನ್ನಿಸುತ್ತದೆ.

8. ಪ್ರೇಕ್ಷಕರ ಮುಂದೆ

ಪ್ರದರ್ಶನಕ್ಕೆ ಹತ್ತು ದಿನ ಮೊದಲೊಮ್ಮೆ, ಐದು ದಿನ ಮೊದಲೊಮ್ಮೆ 20-25 ಜನರನ್ನು ತಾಲೀಮಿಗೆ ಕರೆಯಿರಿ. ತಂಡದ ಮನೆಯವರು ಬೇಡ, ಅವರು ಎಲ್ಲದಕ್ಕೂ ನಗುತ್ತಾರೆ. ನಿರ್ದೇಶಕರು ಪಕ್ಕದಲ್ಲಿ ಕೂತು ಪಠ್ಯದ ಅಂಚಿನಲ್ಲಿ ನಗು ಬಂದಲ್ಲಿ ಒಂದು ಗೆರೆ, ಜೋರು ನಗುವಿಗೆ ಎರಡು, ಉಸಿರು ಬಿಗಿಹಿಡಿದಲ್ಲಿ ಒಂದು ಸೊನ್ನೆ ಹಾಕಲಿ. ಮೂರು ಪುಟ ಗೆರೆಗಳೇ ಇದ್ದು ಒಂದೂ ಸೊನ್ನೆ ಇಲ್ಲದಿದ್ದರೆ ಸಾವು ಕಳೆದುಹೋಗಿದೆ ಎಂದರ್ಥ. ಅಲ್ಲಿ ಒಂದು ನಗು ಕತ್ತರಿಸಿ.

ಪೋಸ್ಟರಿನಲ್ಲಿ, ಫೋನಿನ ಆಹ್ವಾನದಲ್ಲಿ ‘ಮನೆಯೊಂದರ ಸಾವಿನ ಸುತ್ತ ನಡೆಯುವ ನಾಟಕ, 14 ವರ್ಷ ಮೇಲ್ಪಟ್ಟವರಿಗೆ’ ಎಂದು ಸ್ಪಷ್ಟವಾಗಿ ಬರೆಯಿರಿ. ಹೋದ ತಿಂಗಳು ತಂದೆಯನ್ನು ಕಳೆದುಕೊಂಡವರು ಏನೂ ತಿಳಿಯದೆ ಬಂದು ಕೂರುವಂತಾಗಬಾರದು. ಪ್ರಯೋಗವನ್ನು ಯಾವುದಾದರೂ ಸಂಘ ಇಟ್ಟುಕೊಂಡಿದ್ದರೆ ಸನ್ಮಾನ, ಭಾಷಣಗಳನ್ನು ನಾಟಕದ ನಂತರಕ್ಕೆ ಹಾಕಲು ಮೊದಲೇ ಮಾತಾಡಿಕೊಳ್ಳಿ. ಮುಕ್ಕಾಲು ಗಂಟೆ ಭಾಷಣ ಕೇಳಿ ದಣಿದವರಿಂದ ಮೊದಲ ನಗು ತೆಗೆಯಲು ಹದಿನೈದು ನಿಮಿಷ ಬೇಕಾಗುತ್ತದೆ.

ಸಂಜೆ ಏಳರ ಪ್ರದರ್ಶನಕ್ಕೆ ಟೆಂಪೋ ಹನ್ನೆರಡಕ್ಕೆ ಬರಬೇಕು. ಎರಡರವರೆಗೆ ಸೆಟ್, ನಾಲ್ಕರವರೆಗೆ ಬೆಳಕು, ಐದೂವರೆವರೆಗೆ ಮಾತು ಬಿಟ್ಟು ಸೂಚನೆಯಿಂದ ಸೂಚನೆಗೆ ಓಟ, ಆಮೇಲೆ ಊಟ-ತಿಂಡಿ, ಬಣ್ಣ. ಆರೂವರೆಗೆ ಬಾಗಿಲು ತೆರೆಯುತ್ತದೆ. ಸಭಾಗೃಹ ಸಂಜೆಯ ಪಾಳಿ ಮಾತ್ರ ಕೊಟ್ಟರೆ ಸೆಟ್ 45 ನಿಮಿಷದಲ್ಲಿ ನಿಲ್ಲಬೇಕು. ಅದನ್ನೂ ಗಡಿಯಾರ ಹಿಡಿದು ಎರಡು ಸಲ ತಾಲೀಮು ಮಾಡಿ.

ಮೊದಲ ಪ್ರಯೋಗ ಗೆದ್ದರೆ ಎರಡನೆಯದರಲ್ಲಿ ಎಚ್ಚರ ಬೇಕು. ನಿನ್ನೆ ನಗು ಬಂದ ಜಾಗಕ್ಕೆ ನಟರು ಇಂದು ಮೊದಲೇ ಹೋಗಿ ಕಾಯುತ್ತಾರೆ, ಮುಖ ಸೇರಿಸುತ್ತಾರೆ, ಒಂದು ಪದ ಹೆಚ್ಚು ಹೇಳುತ್ತಾರೆ. ಪ್ರತಿ ಪ್ರಯೋಗದ ಒಟ್ಟು ಸಮಯ ಬರೆದಿಡಿ. 90 ನಿಮಿಷದ ನಾಟಕ 94ಕ್ಕೆ ಮುಗಿದರೆ, ಆ ನಾಲ್ಕು ನಿಮಿಷ ಎಲ್ಲಿ ಸೇರಿತೆಂದು ಮುಂದಿನ ತಾಲೀಮಿನಲ್ಲಿ ಹುಡುಕಿ ತೆಗೆಯಿರಿ. ಹೆಚ್ಚಾಗಿ ಅದು ಚಹಾದ ದೃಶ್ಯದಲ್ಲಿ, ಸೊಸೆಯ ಎರಡನೇ ಮತ್ತು ಮೂರನೇ ಹೆಜ್ಜೆಯ ನಡುವೆ ಸಿಗುತ್ತದೆ.